ಜಾಂಬಿ ಕಥೆ, ಗಟ್ಟಿಗಿತ್ತಿ ನಾಯಕಿ, ಜೊತೆಗೆ ಪ್ರೀತಿ: ಯಾವ ಪುಸ್ತಕದಿಂದ ಶುರು ಮಾಡಬೇಕು?

ನಿಮ್ಮ ತಂಗಿ ಪಿಯುಸಿ ಓದುತ್ತಿದ್ದಾಳೆ, ಶಾಲೆಯೊಳಗೆ ಜಾಂಬಿಗಳ (ಸತ್ತು ಮತ್ತೆ ಎದ್ದು ಬದುಕಿರುವವರನ್ನು ಕಚ್ಚುವವರ) ನಡುವೆ ಸಿಕ್ಕಿಬಿದ್ದ ಮಕ್ಕಳ ಕಥೆ ಇರುವ ಕೊರಿಯಾದ 'ಆಲ್ ಆಫ್ ಅಸ್ ಆರ್ ಡೆಡ್' ಸರಣಿ ನೋಡಿ ಮುಗಿಸಿದ್ದಾಳೆ, ಈಗ ಅಂಥದ್ದೇ ಕಾದಂಬರಿ ಬೇಕು ಅಂತ ಹಠ ಹಿಡಿದಿದ್ದಾಳೆ. ನಾಯಕಿ ಗಟ್ಟಿಗಿತ್ತಿ ಆಗಿರಬೇಕು, ಪ್ರೀತಿಯೂ ಇರಬೇಕು. ಇಷ್ಟು ಕೇಳಿದ್ದೀರಿ. ಕ್ಯಾರಿ ರಯಾನ್ ಬರೆದ 'ದ ಫಾರೆಸ್ಟ್ ಆಫ್ ಹ್ಯಾಂಡ್ಸ್ ಅಂಡ್ ಟೀತ್' ಮೊದಲು ಕೊಡಿಸಿ. 2009ರಲ್ಲಿ ಬಂದ ಪುಸ್ತಕ. ಅದು ಹಿಡಿಸಿದರೆ ಜಸ್ಟಿನಾ ಐರ್ಲೆಂಡ್ ಅವರ 'ಡ್ರೆಡ್ ನೇಷನ್' ಕೊಡಿ. ಉಳಿದವು ಆಮೇಲೆ ನೋಡಿಕೊಳ್ಳಬಹುದು.

ಯಾಕೆ ಈ ಎರಡು ಅಂತ ಹೇಳುತ್ತೇನೆ. ಈ ಜಾತಿಯ ಪುಸ್ತಕಗಳಲ್ಲಿ ಕತ್ತಿ ಬೀಸುವ ಹುಡುಗಿಯರಿಗೆ ಬರ ಇಲ್ಲ. ಆದರೆ ಕತ್ತಿ ಬೀಸಿದ ಮಾತ್ರಕ್ಕೆ ಗಟ್ಟಿಗಿತ್ತಿ ಆಗುವುದಿಲ್ಲ ಅಲ್ವಾ? ನಾನು ನೋಡುವುದು ಒಂದನ್ನೇ. ಜೀವ ಉಳಿಸಿಕೊಳ್ಳುವುದರ ಆಚೆಗೆ ಅವಳಿಗೆ ಏನಾದರೂ ಬೇಕಾ? ಅವಳ ಪ್ರೀತಿ ಆ ಆಸೆಗೆ ಅಡ್ಡ ಬರುತ್ತದಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ಆ ಕಥೆ ಮನಸ್ಸಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಅದು ಬರೀ ಓಟ, ಕಿರುಚಾಟ, ನಡುವೆ ಒಂದು ಮುತ್ತು.

ಕ್ಯಾರಿ ರಯಾನ್ ಪುಸ್ತಕದ ಹುಡುಗಿ ಮೇರಿ. ಅವಳ ಹಳ್ಳಿಯ ಸುತ್ತ ಬೇಲಿ. ಬೇಲಿಯ ಆಚೆ ಕಾಡು. ಕಾಡಿನ ತುಂಬ ಸತ್ತು ಎದ್ದವರು, ಹಗಲೂ ರಾತ್ರಿ ಬೇಲಿ ಹಿಡಿದು ಅಲುಗಾಡಿಸುತ್ತಾ ನರಳುತ್ತಿರುತ್ತಾರೆ. ಊರನ್ನು ನಡೆಸುವವರು ಸನ್ಯಾಸಿನಿಯರ ಒಂದು ಸಂಘ. ಜಗತ್ತಿನಲ್ಲಿ ಉಳಿದಿರುವವರು ನಾವಷ್ಟೇ ಅಂತ ಅವರು ಎಲ್ಲರಿಗೂ ಕಲಿಸಿದ್ದಾರೆ. ಮೇರಿಗೆ ಮಾತ್ರ ಅಮ್ಮ ಹೇಳಿದ ಸಮುದ್ರದ ಕಥೆ ತಲೆಯಿಂದ ಹೋಗುವುದಿಲ್ಲ. ಬೇಲಿಯೇ ಇಲ್ಲದ, ಕೊನೆಯೇ ಕಾಣದ ನೀರು. ಅದನ್ನು ನೋಡಬೇಕು ಅನ್ನುವುದೇ ಅವಳ ಹುಚ್ಚು.

ಶುರುವಿನ ದೃಶ್ಯವನ್ನೇ ನೋಡಿ. ಮೇರಿ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ. ಹ್ಯಾರಿ ಅನ್ನುವ ಹುಡುಗ ಬಂದು ನೀರಿನೊಳಗೆ ಅವಳ ಕೈ ಹಿಡಿಯುತ್ತಾನೆ. ಅವಳು ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತಾಳೆ. ಅಷ್ಟರಲ್ಲಿ ಸೈರನ್ ಕೂಗುತ್ತದೆ. ಕಾಡಿನಲ್ಲಿ ಕಳೆದುಹೋದ ಗಂಡನನ್ನು ಹುಡುಕುತ್ತಾ ಬೇಲಿಯ ಹತ್ತಿರ ಹೋದ ಅಮ್ಮನಿಗೆ ಕಡಿತ ಆಗಿದೆ. ಕಡಿತ ಆದವರೂ ಸತ್ತು ಹಾಗೇ ಎದ್ದುಬಿಡುತ್ತಾರೆ. ಈಗ ಇರುವುದು ಎರಡೇ ದಾರಿ. ಒಂದೋ ಸಾಯಬೇಕು, ಇಲ್ಲವೋ ಸತ್ತವರ ಜೊತೆ ಕಾಡಿಗೆ ಹೋಗಬೇಕು. ಅಮ್ಮ ಕಾಡನ್ನು ಆರಿಸಿಕೊಳ್ಳುತ್ತಾಳೆ. ಅದಕ್ಕೆ ಮೇರಿ ಒಪ್ಪಿದಳು ಅಂತ ಅಣ್ಣ ಜೆಡ್ ತಂಗಿಯನ್ನೇ ಮನೆಗೆ ಸೇರಿಸುವುದಿಲ್ಲ. ಒಂದು ಹುಡುಗ ಕೈ ಹಿಡಿದ ಆ ಚಿಕ್ಕ ಗಳಿಗೆಗೂ ಅಮ್ಮ ಹೋಗಿದ್ದಕ್ಕೂ ಹೀಗೆ ಗಂಟು ಬೀಳುತ್ತದೆ. ಪ್ರೀತಿ, ಭಯ, ತಪ್ಪಿತಸ್ಥ ಭಾವ ಮೂರೂ ಮೊದಲ ಅಧ್ಯಾಯದಲ್ಲೇ ಒಂದಾಗಿಬಿಡುತ್ತವೆ. ಇಷ್ಟು ಅಚ್ಚುಕಟ್ಟಾದ ಆರಂಭ ಈ ಬಗೆಯ ಕಥೆಗಳಲ್ಲಿ ಅಪರೂಪ.

ಮುಂದೆ ಮೇರಿಗೆ ಮನಸ್ಸಾಗುವುದು ಹ್ಯಾರಿಯ ಮೇಲಲ್ಲ, ಅವನ ತಮ್ಮ ಟ್ರಾವಿಸ್ ಮೇಲೆ. ಟ್ರಾವಿಸ್‌ಗೆ ಜೋಡಿ ಅಂತ ಗೊತ್ತು ಮಾಡಿರುವವಳು ಮೇರಿಯ ಗೆಳತಿ ಕ್ಯಾಸ್. ಇದು ಮಾಮೂಲಿ ತ್ರಿಕೋನ ಪ್ರೇಮ ಅಂತ ಅನ್ನಿಸಬಹುದು. ಸ್ವಲ್ಪ ತಾಳಿ. ಕಥೆಯ ನಡುವೆ ಒಂದು ಕಡೆ ಮೇರಿ ಮತ್ತು ಟ್ರಾವಿಸ್ ಇಬ್ಬರೇ ಒಂದು ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊರಗೆ ಸತ್ತವರು, ಒಳಗೆ ಊಟ, ಹಾಸಿಗೆ, ಅವಳು ಆಸೆಪಟ್ಟ ಹುಡುಗ. ಬೇರೆ ಲೇಖಕರಾಗಿದ್ದರೆ ಕಥೆಯನ್ನು ಅಲ್ಲಿಗೆ ಮುಗಿಸುತ್ತಿದ್ದರು. ಮೇರಿಗೆ ಅಲ್ಲೂ ನೆಮ್ಮದಿ ಇಲ್ಲ. ಸಮುದ್ರ ಇನ್ನೂ ಕರೆಯುತ್ತಿದೆ. ತಾನೊಬ್ಬನೇ ಇವಳಿಗೆ ಸಾಲುವುದಿಲ್ಲ ಅಂತ ಟ್ರಾವಿಸ್‌ಗೂ ಗೊತ್ತಾಗುತ್ತದೆ. ಹದಿಹರೆಯದವರಿಗೆ ಬರೆದ ಪುಸ್ತಕ ಈ ಮಾತನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದು ನನಗೆ ತುಂಬ ಇಷ್ಟವಾಯಿತು. ಮೇರಿಯನ್ನು ಸ್ವಾರ್ಥಿ ಅಂತ ಬೈಯುವ ಓದುಗರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹುಡುಗನೊಬ್ಬ ಹೀಗೇ ಸಮುದ್ರ ಹುಡುಕಿಕೊಂಡು ಹೊರಟಿದ್ದರೆ ಅವನನ್ನು ಸಾಹಸಿ ಅನ್ನುತ್ತಿದ್ದೆವು. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಒಂದು ತೊಟ್ಟಿಲಿನ ದೃಶ್ಯ ಇದೆ, ಕರುಳು ಹಿಂಡುತ್ತದೆ.

ಹಳೆಯ ಜಾಂಬಿ ಕಥೆಗಳ ಹೆಣ್ಣು ಪಾತ್ರಗಳನ್ನು ನೋಡಿದರೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜಾರ್ಜ್ ರೊಮೆರೊ 1968ರಲ್ಲಿ ಮಾಡಿದ 'ನೈಟ್ ಆಫ್ ದ ಲಿವಿಂಗ್ ಡೆಡ್' ಸಿನಿಮಾದಿಂದಲೇ ಇವತ್ತಿನ ಜಾಂಬಿ ಹುಟ್ಟಿದ್ದು ಅನ್ನಬಹುದು. ಅದರಲ್ಲಿ ಬಾರ್ಬ್ರಾ ಅನ್ನುವ ಹುಡುಗಿ ಕಣ್ಣೆದುರೇ ಅಣ್ಣನನ್ನು ಕಳೆದುಕೊಳ್ಳುತ್ತಾಳೆ. ಆಮೇಲೆ ಹೆಚ್ಚಿನ ಹೊತ್ತು ಆಘಾತದಲ್ಲಿ ಕುಳಿತೇ ಇರುತ್ತಾಳೆ. 1990ರಲ್ಲಿ ಅದೇ ಸಿನಿಮಾವನ್ನು ಮತ್ತೆ ತೆಗೆದಾಗ ಅದೇ ಬಾರ್ಬರಾ ಬಂದೂಕು ಹಿಡಿದು ಹೋರಾಡಿದಳು. ಕೂತಿದ್ದವಳು ಎದ್ದು ನಿಂತಳು, ಸರಿ. ಆದರೆ ಅವಳಿಗೆ ತನ್ನದೇ ಒಂದು ಆಸೆ ಕೊಟ್ಟಿದ್ದು ಮೇರಿಯಂಥ ಪಾತ್ರಗಳು.

ಈಗ 'ಡ್ರೆಡ್ ನೇಷನ್'. 2018ರ ಪುಸ್ತಕ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದೆ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕಾಳಗ ನಡೆದದ್ದು ನಿಜವಾದ ಇತಿಹಾಸ. ಈ ಕಥೆಯಲ್ಲಿ ಅಲ್ಲಿ ಬಿದ್ದ ಸೈನಿಕರು ಎದ್ದು ನಡೆಯತೊಡಗುತ್ತಾರೆ. ಯುದ್ಧ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಸರ್ಕಾರ ಒಂದು ಕಾನೂನು ತರುತ್ತದೆ: ಕಪ್ಪು ಮಕ್ಕಳು ಮತ್ತು ಮೂಲನಿವಾಸಿ ಮಕ್ಕಳು ಯುದ್ಧದ ಶಾಲೆಗೆ ಹೋಗಬೇಕು, ಸತ್ತವರ ವಿರುದ್ಧ ಕಾದಾಡುವುದನ್ನು ಕಲಿಯಬೇಕು. ಜೇನ್ ಮೆಕೀನ್ ಬಾಲ್ಟಿಮೋರ್ ಹತ್ತಿರದ ಅಂಥ ಒಂದು ಶಾಲೆಯ ಹುಡುಗಿ. ಕುಡುಗೋಲು ಅವಳ ಆಯುಧ. ಶಾಲೆ ಮುಗಿದ ಮೇಲೆ ಅವಳ ಕೆಲಸ ಶ್ರೀಮಂತ ಬಿಳಿ ಹೆಂಗಸರ ಅಂಗರಕ್ಷಕಿ ಆಗಿರುವುದು. ಅವಳಿಗೆ ಬೇಕಾಗಿರುವುದು ಅದಲ್ಲ. ಕೆಂಟಕಿಯಲ್ಲಿರುವ ಅಮ್ಮನ ಮನೆಗೆ ವಾಪಸ್ ಹೋಗುವುದು.

ಆ ಶಾಲೆಗಳು ಪೂರ್ತಿ ಕಲ್ಪನೆ ಅಲ್ಲ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ 1879ರಲ್ಲಿ ಮೂಲನಿವಾಸಿ ಮಕ್ಕಳಿಗೆ ಅಂತ ಒಂದು ವಸತಿ ಶಾಲೆ ನಿಜವಾಗಿಯೇ ಶುರುವಾಯಿತು. ಅಲ್ಲಿ ಮಕ್ಕಳ ಕೂದಲು ಕತ್ತರಿಸಿ, ಅವರ ಭಾಷೆ ಬಿಡಿಸಿ, ಬೇರೆ ಹೆಸರು ಇಡುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಜಾಂಬಿಯ ಕಲ್ಪನೆ ಬಂದದ್ದೇ ಹೈಟಿಯಿಂದ. ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದ ಗುಲಾಮರಿಗೆ, ಸತ್ತ ಮೇಲೂ ಯಾರೋ ಎಬ್ಬಿಸಿ ದುಡಿಸಿಬಿಟ್ಟರೆ ಅನ್ನುವ ಭಯ ಇತ್ತು. ಜೇನ್ ಕಥೆ ಓದುವಾಗ ಆ ಹಳೆಯ ಭಯವೇ ಮತ್ತೆ ಮೇಲೆ ಬಂದಂತೆ ಅನ್ನಿಸುತ್ತದೆ. ಈ ಪುಸ್ತಕದಲ್ಲಿ ಸತ್ತವರಿಗಿಂತ ಬದುಕಿರುವವರನ್ನು ಕಂಡರೇ ಜಾಸ್ತಿ ಹೆದರಿಕೆ. ಕಾನ್ಸಾಸ್‌ನ ಸಮ್ಮರ್‌ಲ್ಯಾಂಡ್ ಅನ್ನುವ ಊರಿನ ಭಾಗ ಓದುವಾಗ ನನಗೆ ಸಿಟ್ಟು ತಡೆಯಲು ಆಗಲಿಲ್ಲ.

ಪ್ರೀತಿಯ ವಿಷಯದಲ್ಲಿ ನಿಮ್ಮ ತಂಗಿಗೆ ಮೊದಲೇ ಹೇಳಿಬಿಡಿ, ಇದರಲ್ಲಿ ಅದು ಕಡಿಮೆ. ಜ್ಯಾಕ್ಸನ್ ಅನ್ನುವ ಹಳೇ ಗೆಳೆಯನೊಬ್ಬ ಇದ್ದಾನೆ. ಕಾಣೆಯಾದ ತಂಗಿಯನ್ನು ಹುಡುಕಿಕೊಡು ಅಂತ ಜೇನ್ ಹತ್ತಿರ ಬರುತ್ತಾನೆ. ಅವನು ಬಂದ ಪುಟಗಳಲ್ಲಿ ಜಗಳವೇ ಜಾಸ್ತಿ, ಆದರೆ ಆ ಜಗಳದ ಕೆಳಗೆ ಏನಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನಿಜವಾದ ಬಾಂಧವ್ಯ ಬೆಳೆಯುವುದು ಜೇನ್ ಶಾಲೆಯಲ್ಲೇ ಇರುವ ಕ್ಯಾಥರಿನ್ ಅನ್ನುವ ಹುಡುಗಿಯ ಜೊತೆ. ಮೊದಲು ಇಬ್ಬರಿಗೂ ಎಣ್ಣೆ-ಸೀಗೆಕಾಯಿ. ಆಮೇಲೆ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ.

ಇನ್ನು ಕೆಲವನ್ನು ಚುಟುಕಾಗಿ ಹೇಳುತ್ತೇನೆ. ಐಸಾಕ್ ಮೇರಿಯನ್ ಅವರ 'ವಾರ್ಮ್ ಬಾಡೀಸ್' ಪ್ರೀತಿ ಜಾಸ್ತಿ ಬೇಕು ಅನ್ನುವವರಿಗೆ. ಕಥೆ ಹೇಳುವವನೇ ಒಬ್ಬ ಜಾಂಬಿ. ಜೂಲಿಯ ಗೆಳೆಯನ ಮಿದುಳು ತಿಂದು, ಅವನ ನೆನಪುಗಳ ಮೂಲಕ ಅವಳನ್ನು ಪ್ರೀತಿಸತೊಡಗುತ್ತಾನೆ. ಕೇಳಲು ವಿಚಿತ್ರ, ಓದಲು ಮೃದು. 2013ರಲ್ಲಿ ಸಿನಿಮಾ ಕೂಡ ಬಂತು. ಆದರೆ ಜೂಲಿಯನ್ನು ನಾವು ಅವನ ಕಣ್ಣಿಂದಲೇ ನೋಡುತ್ತೇವೆ, ಹಾಗಾಗಿ ನಿಮ್ಮ ತಂಗಿ ಕೇಳಿದ ನಾಯಕಿ ಅಲ್ಲಿ ಪೂರ್ತಿ ಸಿಗುವುದಿಲ್ಲ. ಜೊನಾಥನ್ ಮೇಬೆರಿ ಅವರ 'ರಾಟ್ ಅಂಡ್ ರೂಯಿನ್' ಅಣ್ಣ ತಮ್ಮಂದಿರ ಕಥೆ, ಒಳ್ಳೆಯದೇ, ಆದರೆ ಮುಖ್ಯ ಪಾತ್ರ ಹುಡುಗ.

ಕೋರ್ಟ್ನಿ ಸಮರ್ಸ್ ಅವರ 'ದಿಸ್ ಈಸ್ ನಾಟ್ ಎ ಟೆಸ್ಟ್' ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಕೊರಿಯಾದ ಆ ಸರಣಿಗೆ ತುಂಬ ಹತ್ತಿರ ಇದು. ಆರು ಹುಡುಗ ಹುಡುಗಿಯರು ತಮ್ಮ ಶಾಲೆಯೊಳಗೆ ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದಾರೆ. ಉಳಿದವರೆಲ್ಲ ಬದುಕಲು ಒದ್ದಾಡುತ್ತಿದ್ದರೆ, ಸ್ಲೋನ್ ಅನ್ನುವ ಹುಡುಗಿಗೆ ಬದುಕುವ ಆಸೆಯೇ ಹೋಗಿದೆ. ಅಪ್ಪ ಹೊಡೆಯುತ್ತಿದ್ದ, ಅಕ್ಕ ಬಿಟ್ಟು ಹೋದಳು. ಅವಳು ಒಂದೊಂದು ದಿನ ದೂಡುವುದೇ ಇಡೀ ಪುಸ್ತಕದ ಶಕ್ತಿ. ತುಂಬ ಒಳ್ಳೆಯ ಪುಸ್ತಕ. ಆದರೆ ಆತ್ಮಹತ್ಯೆಯ ಯೋಚನೆ ಕಥೆಯ ಉದ್ದಕ್ಕೂ ಇದೆ. ಮೊದಲು ನೀವು ಓದಿ. ತಂಗಿಯ ಮನಸ್ಸು ಈಗ ಹೇಗಿದೆ ಅಂತ ನೋಡಿಕೊಂಡು ಆಮೇಲೆ ಕೊಡಿ.

ಎಲ್ಲವೂ ಇಂಗ್ಲಿಷ್ ಪುಸ್ತಕಗಳು. ಕ್ಯಾರಿ ರಯಾನ್ ಅವರ ಭಾಷೆ ಸುಲಭ, ಮೇರಿಯೇ ಕಥೆ ಹೇಳುವುದರಿಂದ ಬೇಗ ಓದಿಸಿಕೊಂಡು ಹೋಗುತ್ತದೆ. ಜೇನ್ ಮಾತಿಗೆ ಹಳೇ ಕಾಲದ ಒಂದು ಒಗರು ಇದೆ, ಕಿವಿ ಒಗ್ಗಲು ಕೆಲವು ಪುಟ ಬೇಕು. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ಕೇಳಿ ನೋಡಿ. ಕೊಳ್ಳುವಾಗ ಯಾವ ಭಾಗ ಅಂತ ಗಮನಿಸಿ. ಮೇರಿಯ ಕಥೆಗೆ ಇನ್ನೂ ಎರಡು ಭಾಗ ಇವೆ, ಅವುಗಳಲ್ಲಿ ನಾಯಕಿಯರು ಬೇರೆ. ಜೇನ್ ಕಥೆಯ ಎರಡನೇ ಭಾಗ 'ಡೆತ್‌ಲೆಸ್ ಡಿವೈಡ್', 2020ರದ್ದು. ಅದನ್ನು ಜೇನ್ ಮತ್ತು ಕ್ಯಾಥರಿನ್ ಸರದಿಯ ಮೇಲೆ ಹೇಳುತ್ತಾರೆ. ಮೊದಲ ಭಾಗ ಓದದೆ ಅದನ್ನು ತೆರೆಯಲು ಬಿಡಬೇಡಿ.