ಎಂಟು ಮಿಲಿಮೀಟರ್ ಗಂಟಿಗೆ ಇಷ್ಟು ಅವಸರವೇಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತವೆ. ಊರು ಬೇರೆ, ವಯಸ್ಸು ಬೇರೆ, ಭಯ ಮಾತ್ರ ಒಂದೇ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಥೈರಾಯ್ಡ್ ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 63 ವರ್ಷ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಕುತ್ತಿಗೆಯ ಸ್ಕ್ಯಾನ್ ಕೂಡ ಇತ್ತು. ಥೈರಾಯ್ಡಿನ ಬಲಭಾಗದಲ್ಲಿ 8 ಮಿಲಿಮೀಟರ್ ಗಂಟು ಕಾಣಿಸಿತು. ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಎಂದು ಬಂದಿದೆ. ವಾರದೊಳಗೆ ಇಡೀ ಗ್ರಂಥಿ ತೆಗೆಸಿ, ನಂತರ ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್ ಔಷಧಿ) ಕೊಡಿಸಿ ಎಂದಿದ್ದಾರೆ. ತಡವಾದರೆ ಮೈಯೆಲ್ಲ ಹರಡುತ್ತದೆಯೇ?

ವಾರದೊಳಗೆ ಏನೂ ಮಾಡಿಸಬೇಕಾಗಿಲ್ಲ. ಮೊದಲು ಅತ್ತೆಯವರಿಗೆ ಇದನ್ನು ಹೇಳಿ, ಅವರು ಇಂದು ರಾತ್ರಿ ನಿದ್ದೆ ಮಾಡಲಿ.

ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸ್ವಭಾವದ ಕಾಯಿಲೆಗಳಿವೆ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾದ ಪ್ಯಾಪಿಲರಿ ಗಂಟು ಅವುಗಳಲ್ಲಿ ಅತಿ ನಿಧಾನದ್ದು. 1985ರಲ್ಲಿ ಫಿನ್ಲೆಂಡಿನ ವೈದ್ಯರು ಬೇರೆ ಕಾರಣಗಳಿಂದ ಸತ್ತ 101 ಜನರ ಥೈರಾಯ್ಡನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಇದೇ ಕ್ಯಾನ್ಸರ್ ಇತ್ತು. ಬದುಕಿರುವಷ್ಟು ಕಾಲ ಅವರಿಗೆ ಅದರ ಸುಳಿವೂ ಇರಲಿಲ್ಲ.

ಹುಡುಕುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾವನ್ನು ನೋಡಿ. 1999ರಲ್ಲಿ ಅಲ್ಲಿನ ಸರ್ಕಾರ ಕ್ಯಾನ್ಸರ್ ತಪಾಸಣೆ ಆರಂಭಿಸಿತು. ಅದರ ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆಸ್ಪತ್ರೆಗಳು ಸ್ವಲ್ಪ ಹೆಚ್ಚಿನ ಹಣಕ್ಕೆ ಕುತ್ತಿಗೆಯ ಸ್ಕ್ಯಾನನ್ನೂ ಸೇರಿಸಿದವು, ನಿಮ್ಮ ಪ್ಯಾಕೇಜಿನಲ್ಲಿ ಸೇರಿಸಿದ ಹಾಗೆಯೇ. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ಕ್ಕಿಂತ 15 ಪಟ್ಟು ಹೆಚ್ಚಿತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಹೊಸ ರೋಗಿಗಳು. ಅದರಿಂದ ಸಾಯುವವರು ಮೊದಲೂ ವರ್ಷಕ್ಕೆ 400ರ ಒಳಗಿದ್ದರು, ಆಮೇಲೂ ಅಷ್ಟೇ. ಇಷ್ಟೊಂದು ಜನರ ಕುತ್ತಿಗೆ ಕೊಯ್ದರೂ ಸಾವು ಇಳಿಯಲಿಲ್ಲ ಎಂದರೆ, ಕೊಯ್ದದ್ದರಲ್ಲಿ ಬಹುಪಾಲು ಯಾರನ್ನೂ ಕೊಲ್ಲುವ ಗಂಟಾಗಿರಲಿಲ್ಲ. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಇದನ್ನು ನಿಲ್ಲಿಸಿ ಎಂದು ಬಹಿರಂಗವಾಗಿ ಹೇಳಿದರು. ಒಂದು ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಮೂರನೇ ಒಂದು ಭಾಗದಷ್ಟು ಇಳಿದವು.

ಅವಸರದ ಬೆಲೆಯನ್ನೂ ತಿಳಿಯಿರಿ. ಕೊರಿಯಾದಲ್ಲಿ ಶಸ್ತ್ರಚಿಕಿತ್ಸೆಯಾದ 15,000 ಜನರ ವಿಮಾ ದಾಖಲೆ ನೋಡಿದಾಗ ಶೇ 11ರಷ್ಟು ಮಂದಿಗೆ ಪ್ಯಾರಾಥೈರಾಯ್ಡ್ ಕೆಲಸ ಕುಂದಿತ್ತು, ಶೇ 2ರಷ್ಟು ಮಂದಿಗೆ ಧ್ವನಿತಂತು ಸೋತಿತ್ತು. ಪ್ಯಾರಾಥೈರಾಯ್ಡ್ ಎಂದರೆ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ, ತೊಗರಿಬೇಳೆಯಷ್ಟು ಗಾತ್ರದ ನಾಲ್ಕು ಗ್ರಂಥಿಗಳು. ಅವುಗಳಿಗೆ ರಕ್ತ ತರುವ ನಾಳ ಕೂದಲಿನಷ್ಟು ತೆಳು. ಅದು ಕಡಿದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ತುಟಿ, ಬೆರಳ ತುದಿ ಜುಮುಗುಟ್ಟುತ್ತವೆ, ಕೈ ಸೆಟೆದುಕೊಳ್ಳುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಸರಿಹೋಗದವರು ಬದುಕಿಡೀ ದಿನಕ್ಕೆ ಮೂರು ನಾಲ್ಕು ಬಾರಿ ಮಾತ್ರೆ ನುಂಗುತ್ತಾರೆ. ಬೇರೆಡೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ ನನ್ನ ಬಳಿ ಬಂದಿದ್ದರು. ಅವರ ಗಂಟು 6 ಮಿಲಿಮೀಟರ್ ಇತ್ತು. ಈಗ ತರಗತಿಯ ಮೂರನೇ ಸಾಲಿಗೆ ಅವರ ಧ್ವನಿ ಕೇಳುವುದಿಲ್ಲ. ಅವರ ವರದಿಯನ್ನು ಓದಿದ ದಿನದ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಾಗಾದರೆ ಕಾಯುವುದು ಸುರಕ್ಷಿತವೇ? ಇದಕ್ಕೆ ಉತ್ತರ ಕೊಟ್ಟವರು ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯವರು. ಅಲ್ಲಿ ಅಕಿರಾ ಮಿಯಾವುಚಿ ಅವರ ಸಲಹೆಯಂತೆ 1993ರಿಂದ ಇಂಥ ಗಂಟುಗಳನ್ನು ಕೊಯ್ಯದೆ, ತಪ್ಪದೆ ಸ್ಕ್ಯಾನ್ ಮಾಡಿ ಗಮನಿಸುತ್ತಾ ಬಂದರು. 1,235 ರೋಗಿಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ಶೇ 8ರಷ್ಟು ಜನರಲ್ಲಿ. ಕುತ್ತಿಗೆಯ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ಗ್ರಂಥಿ) ಕಾಣಿಸಿಕೊಂಡದ್ದು ಶೇ 4ಕ್ಕಿಂತ ಕಡಿಮೆ. ಹಾಗೆ ಬೆಳೆದವರಿಗೆ ಆಗ ಶಸ್ತ್ರಚಿಕಿತ್ಸೆ ಮಾಡಿದರು, ತಡವಾಯಿತೆಂದು ನಷ್ಟವಾಗಲಿಲ್ಲ. ಥೈರಾಯ್ಡ್ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ಇನ್ನೊಂದು ಮಾತನ್ನು ಗಮನಿಸಿ: ಬೆಳೆಯುವ ಸಂಭವ 40ರ ಒಳಗಿನವರಲ್ಲಿ ಹೆಚ್ಚು, 60 ದಾಟಿದವರಲ್ಲಿ ಅತಿ ಕಡಿಮೆ. ವಯಸ್ಸಾಯಿತು, ಬೇಗ ತೆಗೆಸಿ ಎನ್ನುವುದು ಈ ಕಾಯಿಲೆಯಲ್ಲಿ ತಲೆಕೆಳಗಾದ ಮಾತು.

ಎಲ್ಲರನ್ನೂ ನಾನು ಕಾಯಿಸುವುದಿಲ್ಲ. ಗಂಟು ಶ್ವಾಸನಾಳಕ್ಕೆ ಅಂಟಿದ್ದರೆ, ಧ್ವನಿಯ ನರ ಹಾದುಹೋಗುವ ಹಿಂಬದಿಯಲ್ಲಿ ಇದ್ದರೆ, ದುಗ್ಧರಸ ಗ್ರಂಥಿ ಊದಿದ್ದರೆ, ಧ್ವನಿ ಒಡೆದಿದ್ದರೆ ಕೊಯ್ಯುತ್ತೇನೆ. ಮೆಡುಲ್ಲರಿ ಎಂಬ ಇನ್ನೊಂದು ಬಗೆಯ ಥೈರಾಯ್ಡ್ ಕ್ಯಾನ್ಸರಿಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ. ಅದು ವಂಶದಲ್ಲಿ ಹರಿಯಬಹುದು, ಅದನ್ನು ಕಾಯಿಸಬಾರದು. ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬನ್ನಿ ಎಂದರೆ ಎರಡು ವರ್ಷ ನಾಪತ್ತೆಯಾಗುವವರನ್ನು ಕಾಯಿಸಲು ನನಗೆ ಧೈರ್ಯವಿಲ್ಲ. ಈ ವಿಷಯದಲ್ಲಿ ನಾನು ಜಪಾನಿನವರಿಗಿಂತ ಅಂಜುಬುರುಕ.

ಅತ್ತೆಯವರು ಕೊನೆಗೆ ಶಸ್ತ್ರಚಿಕಿತ್ಸೆಯನ್ನೇ ಬಯಸಿದರೆ ಅದು ಅವರ ಹಕ್ಕು. ಆಗಲೂ ಒಂದೇ ಬದಿಯ ಇಷ್ಟು ಚಿಕ್ಕ ಗಂಟಿಗೆ ಅರ್ಧ ಗ್ರಂಥಿ ತೆಗೆದರೆ ಸಾಕು. ಇನ್ನೊಂದು ಬದಿಯನ್ನು ಮುಟ್ಟದಿದ್ದರೆ ಆ ಬದಿಯ ಪ್ಯಾರಾಥೈರಾಯ್ಡ್, ಆ ಬದಿಯ ನರ ಎರಡೂ ಉಳಿಯುತ್ತವೆ. ರೇಡಿಯೋ ಅಯೋಡಿನ್ ಬೇಡ. ಇದಕ್ಕಿಂತ ದೊಡ್ಡ, ಆದರೆ ಕಡಿಮೆ ಅಪಾಯದ ಗಂಟುಗಳಿಗೆ ಇಡೀ ಗ್ರಂಥಿ ತೆಗೆದ ನಂತರವೂ ಅದನ್ನು ಕೊಟ್ಟವರಿಗೂ ಕೊಡದವರಿಗೂ ಮೂರು ವರ್ಷದಲ್ಲಿ ವ್ಯತ್ಯಾಸವಿಲ್ಲ ಎಂದು 2022ರಲ್ಲಿ ಫ್ರಾನ್ಸಿನ ಅಧ್ಯಯನ ತೋರಿಸಿದೆ.

ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ವರ್ಷಕ್ಕೆ ಎಷ್ಟು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುತ್ತೀರಿ? ಅಮೆರಿಕದಲ್ಲಿ ಸುಮಾರು 17,000 ರೋಗಿಗಳ ದಾಖಲೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡುವವರ ಕೈಯಲ್ಲಿ ತೊಡಕುಗಳು ಕಡಿಮೆ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವ ವೈದ್ಯರಾದರೆ ಕಡತ ತೆಗೆದುಕೊಂಡು ಹೊರಗೆ ಬನ್ನಿ.

ಪ್ರಶ್ನೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯಂತೆ?

ಇಲ್ಲ. ಈ ಮಾತು ಹೇಳಿದವರ ಬಳಿ ಇನ್ನು ಮುಂದೆ ಆರೋಗ್ಯದ ವಿಷಯ ಕೇಳಬೇಡಿ.

ಪ್ರಶ್ನೆ: ನಮ್ಮೂರಿನ ಹತ್ತಿರ ಒಬ್ಬರು ಲೇಪ ಹಚ್ಚಿ ಗಂಟು ಕರಗಿಸುತ್ತಾರೆ. ನಮ್ಮ ಪಕ್ಕದ ಮನೆಯವರದು ನಿಜವಾಗಿಯೂ ಕರಗಿತು.

ನಿಮ್ಮ ಪಕ್ಕದ ಮನೆಯವರದು ಬಹುಶಃ ನೀರು ತುಂಬಿದ ಗಂಟು. ಅಂಥವು ಏನೂ ಹಚ್ಚದಿದ್ದರೂ ಎಷ್ಟೋ ಸಲ ತಾವಾಗಿ ಕುಗ್ಗುತ್ತವೆ. ಆ ಪುಣ್ಯವನ್ನು ಲೇಪದವರು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಕರಗದ ಗಂಟಿನವರು ಕಾಲ ಮೀರಿದ ಮೇಲೆ ನಮ್ಮ ಬಳಿ ಬರುತ್ತಾರೆ. ಅವರ ಕಥೆಯನ್ನು ಊರಿನಲ್ಲಿ ಯಾರೂ ಹೇಳುವುದಿಲ್ಲ. ನಾನು ಹೇಳುವುದು ಸುಮ್ಮನೆ ಕುಳಿತಿರಿ ಎಂದಲ್ಲ, ಗಂಟು ಯಾವುದು ಎಂದು ಗೊತ್ತಾದ ಮೇಲೆ, ಅಳತೆ ಇಟ್ಟುಕೊಂಡು ಕಾಯಿರಿ ಎಂದು.

ಪ್ರಶ್ನೆ: ಥೈರಾಯ್ಡ್ ತೊಂದರೆ ಇರುವವರು ಎಲೆಕೋಸು, ಹೂಕೋಸು ತಿನ್ನಬಹುದೇ?

ಬೇಯಿಸಿ ತಿನ್ನಿ. ಪ್ರತಿ ತಿಂಗಳೂ ಇದನ್ನೇ ಬರೆಯುತ್ತಿದ್ದೇನೆ.

ಪ್ರಶ್ನೆ: ಕುತ್ತಿಗೆಯಲ್ಲಿ ಗುರುತು ಬೀಳದಂತೆ ಬಾಯೊಳಗಿನಿಂದ ತೆಗೆಯುತ್ತಾರಂತೆ, ಮಾಡಿಸಲೇ?

ಕೆಲವರಿಗೆ ಹೊಂದುತ್ತದೆ. ಗುರುತಿನ ಮಾತಿಗಿಂತ ಮೊದಲು ಧ್ವನಿ ಮತ್ತು ಕ್ಯಾಲ್ಸಿಯಂ ಮಾತಾಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಕ್ಯಾನ್ಸರ್‌ಗಾಗಿ ಇಡೀ ಥೈರಾಯ್ಡ್ ತೆಗೆಸಿದ್ದೇನೆ. ಈಗ ಎರಡು ತಿಂಗಳ ಗರ್ಭಿಣಿ. ಮಗುವಿಗೆ ತೊಂದರೆಯಾಗುತ್ತದೆ ಎಂದು ಮನೆಯಲ್ಲಿ ಹೇಳಿದ್ದರಿಂದ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ನಿಲ್ಲಿಸಿದ್ದೇನೆ. ಸರಿಯೇ?

ತಾಯಿ, ಇದನ್ನು ಓದಿದ ಕೂಡಲೇ ಮತ್ತೆ ಶುರು ಮಾಡಿ. ಮಗುವಿನ ಥೈರಾಯ್ಡ್ ಇನ್ನೂ ಕೆಲಸ ಆರಂಭಿಸಿಲ್ಲ. ಅದರ ಮಿದುಳು ಬೆಳೆಯುವುದು ನಿಮ್ಮ ರಕ್ತದಿಂದ ಹೋಗುವ ಥೈರಾಕ್ಸಿನ್‌ನಿಂದ, ನಿಮಗೆ ಅದು ಸಿಗುವುದು ಆ ಮಾತ್ರೆಯಿಂದ ಮಾತ್ರ. ಗರ್ಭಿಣಿಯಾದಾಗ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ, ಇಳಿಸುವುದಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಿ, ಕಾಫಿಗೆ ಒಂದು ಗಂಟೆ ಬಿಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ನಾಳೆಯೇ ಥೈರಾಯ್ಡ್ ಹಾರ್ಮೋನ್ ಸಾಕಷ್ಟಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ವರದಿ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ. ಮಾತ್ರೆ ನಿಲ್ಲಿಸಿ ಎಂದವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರೂ ಕೇಳಿಸಿಕೊಳ್ಳಲಿ.