ಹಳದಿ ಟೊಮೆಟೊ ಒಂದು ತಲೆಮಾರು ಮಾಯವಾಗಿ ಮತ್ತೆ ಬರುವುದು ಹೇಗೆ?

ಪ್ರಶ್ನೆ ಕೋಲಾರದ ತೋಟದಿಂದ ಬಂದದ್ದು: ಕೆಂಪು ಟೊಮೆಟೊ ಹೂವಿಗೆ ಹಳದಿ ತಳಿಯ ಪರಾಗ ಹಾಕಿದರೆ, ಆ ಬೀಜದ ಗಿಡಗಳಲ್ಲೆಲ್ಲ ಬರೀ ಕೆಂಪು ಹಣ್ಣು. ಅವುಗಳ ಬೀಜ ಬಿತ್ತಿದರೆ ನಡುನಡುವೆ ಹಳದಿ. ಎಲ್ಲಿಂದ ಬಂತು?

ಹಳದಿ ಎಲ್ಲೂ ಹೋಗಿರಲಿಲ್ಲ, ಅಡಗಿತ್ತು ಅಷ್ಟೆ. ಹಣ್ಣಿನ ಬಣ್ಣ ನಿರ್ಧರಿಸುವ ಜೀನ್, ಅಂದರೆ ತಲೆಮಾರಿನಿಂದ ತಲೆಮಾರಿಗೆ ಗುಣ ಹೊತ್ತು ತರುವ ಅಂಶ, ಗಿಡದಲ್ಲಿ ಎರಡು ಪ್ರತಿ ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಸರಿಯಿರುವ ಪ್ರತಿ ಲೈಕೋಪೀನ್ ಎಂಬ ಕೆಂಪು ಬಣ್ಣ ತಯಾರಾಗಲು ನೆರವಾಗುತ್ತದೆ. ಹಳದಿ ತಳಿಯಲ್ಲಿ ಎರಡೂ ಪ್ರತಿ ಕೆಟ್ಟಿವೆ. ಒಂದೇ ಒಂದು ಸರಿಯಿದ್ದರೂ ಹಣ್ಣು ಕೆಂಪಾಗುತ್ತದೆ, ಮನೆಯಲ್ಲಿ ಒಬ್ಬರು ದುಡಿದರೂ ಒಲೆ ಉರಿಯುವ ಹಾಗೆ. ಅದಕ್ಕೇ ಕೆಂಪು ಪ್ರಬಲ ಗುಣ, ಹಳದಿ ದುರ್ಬಲ ಗುಣ. ‘ದುರ್ಬಲ’ ಅನ್ನುವ ಹೆಸರು ನನಗೆ ಹಿಡಿಸುವುದಿಲ್ಲ. ಗಿಡವೇನೂ ಸೊರಗಿರುವುದಿಲ್ಲ, ಅಲ್ವಾ?

ಮೊದಲ ತಲೆಮಾರಿನ ಗಿಡದಲ್ಲಿ ಒಂದು ಕೆಂಪು, ಒಂದು ಹಳದಿ ಪ್ರತಿ. ಬೀಜ ಕಟ್ಟುವಾಗ ಪರಾಗಕ್ಕೂ ಅಂಡಕ್ಕೂ ಒಂದೊಂದೇ ಹೋಗುತ್ತದೆ, ನಾಣ್ಯ ಚಿಮ್ಮಿದ ಹಾಗೆ. ಎರಡೂ ಕಡೆಯಿಂದ ಹಳದಿಯೇ ಬೀಳುವುದು ಸುಮಾರು ನಾಲ್ಕರಲ್ಲಿ ಒಂದು ಸಲ. ಹತ್ತು ಗಿಡ ನೆಟ್ಟು ಲೆಕ್ಕ ತಾಳೆಯಾಗಲಿಲ್ಲ ಎನ್ನಬೇಡಿ, ಗಿಡ ಜಾಸ್ತಿ ಇರಬೇಕು. ಗುಣಗಳು ತಲೆಮಾರಿಗೆ ಹೇಗೆ ಸಾಗುತ್ತವೆ ಎಂದು ಬಟಾಣಿ ಬೆಳೆದು ಎಣಿಸಿದ ವಿಜ್ಞಾನಿ ಮೆಂಡಲ್. 1866ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ 5,474 ದುಂಡು ಕಾಳು, 1,850 ಸುಕ್ಕು ಕಾಳು. ಅಲ್ಲಿ ಅಡಗುವ ಗುಣ ಸುಕ್ಕು, ಅದೂ ಸುಮಾರು ನಾಲ್ಕರಲ್ಲಿ ಒಂದು.

ಹೈಬ್ರಿಡ್ ಟೊಮೆಟೊ ಬೀಜ ಉಳಿಸಿ ಬಿತ್ತಿದರೆ ಬೆಳೆ ಒಂದೇ ಸಮ ಬಾರದಿರುವುದೂ ಇದರಿಂದಲೇ. ಆದರೆ ಆ ಹಳದಿ ಹಣ್ಣಿನ ಬೀಜ ಹಾಕಿ ನೋಡಿ. ಬೇರೆ ಪರಾಗ ಸೋಕದಿದ್ದರೆ ಎಲ್ಲವೂ ಹಳದಿಯೇ.