ಮಳೆಗಾಲದಲ್ಲಿ ಮನೆಯಲ್ಲೇ ಗಾಳದ ರಾಡ್ ಕಟ್ಟುವವರಿಗೆ

ಅಂಕೋಲೆಯ ಸ್ನೇಹಿತರು ಕೇಳಿದ್ದು ಇಷ್ಟು. 8 ಅಡಿಯ, ಎರಡು ತುಂಡಿನ ಕಾರ್ಬನ್ ಬ್ಲ್ಯಾಂಕ್, ಅಂದರೆ ಇನ್ನೂ ಏನೂ ಕಟ್ಟದ ಬರೀ ಕೋಲು, ತರಿಸಿದ್ದಾರೆ. ಮಂಜಗುಣಿ ಹತ್ತಿರ ಗಂಗಾವಳಿ ಅಳಿವೆಯಲ್ಲಿ ಚೋಣಕ ಮೀನು ಹಿಡಿಯಲಿಕ್ಕೆ ಬೇಕು, ರೀಲು 4000 ಸೈಜಿನ ಸ್ಪಿನ್ನಿಂಗ್ (ರಾಡಿನ ಕೆಳಗೆ ತೂಗುವ ನಮೂನೆ). ಸ್ಪೈನ್ (ಬ್ಲ್ಯಾಂಕಿನ ಗಡಸು ಬದಿ) ಹುಡುಕುವುದು ಹೇಗೆ, ಗೈಡ್ (ಗಾಳದ ದಾರ ಹಾಯುವ ಉಂಗುರ) ಎಲ್ಲೆಲ್ಲಿ ಕೂರಿಸಬೇಕು, ಗೈಡ್ ಕಟ್ಟಿದ ದಾರದ ಮೇಲೆ ಈ ಮಳೆಯಲ್ಲಿ ಎಪಾಕ್ಸಿ (ಎರಡು ದ್ರವ ಕಲಸಿ ಹಚ್ಚುವ ಲೇಪ) ಹಚ್ಚಬಹುದಾ? ಇದಕ್ಕೆ ಉತ್ತರ ಕೊಟ್ಟವರೆಲ್ಲ ಸ್ಪೈನ್ ಬಗ್ಗೆಯೇ ಬರೆದಿದ್ದಾರೆ. ನಾನು ಕೋಡಿಬಾಗದವ, ಕಾಳಿ ದಂಡೆಯಲ್ಲಿ ಮನೆಯಲ್ಲೇ ಕಟ್ಟಿದ ರಾಡಿನಲ್ಲಿ ಗಾಳ ಹಾಕ್ತೇನೆ. ನನ್ನ ಮಟ್ಟಿಗೆ ಈ ಕೆಲಸದ ಜೀವ ಇರುವುದು ಗೈಡ್ ಕೂರಿಸುವುದರಲ್ಲಿ. ಸ್ಪೈನಿಗೆ ಹತ್ತು ನಿಮಿಷ ಕೊಟ್ಟರೆ ಸಾಕು.

ಕಾರ್ಬನ್ ಬಟ್ಟೆಯನ್ನು ಸುತ್ತಿ ಬ್ಲ್ಯಾಂಕ್ ಮಾಡಿರ್ತಾರೆ, ಪದರ ಒಂದರ ಮೇಲೊಂದು ಬಂದ ಕಡೆ ಚೂರು ಗಡಸು. ಮೇಲಿನ ತುಂಡಿನ ಬುಡವನ್ನು ನುಣುಪು ನೆಲದ ಮೇಲಿಟ್ಟು, ತುದಿಯನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ಅಂಗೈಯಿಂದ ನಡುವೆ ಒತ್ತಿ ಉರುಳಿಸಿ. ಒಂದು ಕಡೆ ತಾನಾಗಿ ಟಕ್ಕನೆ ಹೊರಳಿ ಕೂರ್ತದೆ, ಅದೇ ಸ್ಪೈನಿನ ಗುರುತು. ಆದರೆ ಅದಕ್ಕಿಂತ ಮೊದಲು ಬ್ಲ್ಯಾಂಕನ್ನು ಕಣ್ಣಿಗೆ ಹಿಡಿದು ಬಂದೂಕಿನ ನಳಿಗೆ ನೋಡಿದ ಹಾಗೆ ನೋಡಿ. ಬಹಳಷ್ಟು ಬ್ಲ್ಯಾಂಕುಗಳಲ್ಲಿ ಸಣ್ಣ ಡೊಂಕು ಇರ್ತದೆ. ಆ ಡೊಂಕು ಮೇಲಕ್ಕೋ ಕೆಳಕ್ಕೋ ಬರುವ ಹಾಗೆ ಗೈಡ್ ಕಟ್ಟಿದರೆ ಸಾಕು, ಪಕ್ಕಕ್ಕೆ ಬರಬಾರದು. ಸ್ಪೈನ್ ತಪ್ಪಿದರೆ ರಾಡ್ ತಿರುಚಿಕೊಳ್ತದೆ ಅಂತ ಒಬ್ಬರು ಬರೆದಿದ್ದಾರೆ. ತಿರುಚುವುದಕ್ಕೆ ಮುಖ್ಯ ಕಾರಣ ಗೈಡ್ ಮೇಲ್ಗಡೆ ಇರುವುದು, ರೀಲು ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರಾಡಿನಲ್ಲಿ ಇರ್ತದಲ್ಲ ಹಾಗೆ. ನಿಮ್ಮದು ಸ್ಪಿನ್ನಿಂಗ್, ಗೈಡ್ ಕೆಳಗೆ ಇರ್ತವೆ. ಚಿಂತೆ ಬೇಡ.

ಮೊದಲು ಹಿಡಿಕೆ. ರೀಲ್ ಸೀಟಿನ (ರೀಲು ಬಿಗಿಯುವ ಕೊಳವೆ) ಒಳಗೆ ಬ್ಲ್ಯಾಂಕ್ ಸಡಿಲ ಇರ್ತದೆ, ಅದಕ್ಕೆ ಮಾಸ್ಕಿಂಗ್ ಟೇಪನ್ನು ಮೂರು ಕಡೆ ಪಟ್ಟಿಯಾಗಿ ಸುತ್ತಿ, ನಡುವೆ ಜಾಗ ಬಿಡಿ, ಅಂಟು ಅಲ್ಲಿ ತುಂಬಬೇಕು. ಟೇಪು ಸೀಟಿನ ಅಂಚಿನವರೆಗೆ ಬರಬಾರದು. ಬಂದರೆ ಉಪ್ಪುನೀರು ಕುಡಿದು ಒಳಗೇ ಕೊಳೀತದೆ. ಅಂಟು ಐದು ನಿಮಿಷದ್ದು ಬೇಡ, ನಿಧಾನ ಗಟ್ಟಿಯಾಗುವ ಅರಲ್ಡೈಟ್ ಆದೀತು. ಹಿಡಿಕೆಯ ಉದ್ದಕ್ಕೆ ನಿಮ್ಮ ಕೈಯೇ ಅಳತೆ: ರೀಲಿನ ಕಾಲನ್ನು ಬೆರಳುಗಳ ನಡುವೆ ಹಿಡಿದಾಗ ಬುಡ ಮೊಣಕೈ ದಾಟಿ ಚೂರು ಹಿಂದೆ ಬರಲಿ.

ಈಗ ಗೈಡ್. 8 ಅಡಿಗೆ 8 ಗೈಡ್, ಅದರ ಮೇಲೆ ರಾಡಿನ ತುದಿಗೆ ಒಂದು ಟಿಪ್ ಉಂಗುರ. ಹಣ ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ. 316 ದರ್ಜೆಯ ಸ್ಟೇನ್‌ಲೆಸ್ ಫ್ರೇಮು, ಸಿಲಿಕಾನ್ ಕಾರ್ಬೈಡ್ ಅಥವಾ ಆಲ್ಕೊನೈಟ್ ಅನ್ನುವ ಗಟ್ಟಿ ಸೆರಾಮಿಕ್ ಉಂಗುರ ಇರುವುದು ತರಿಸಿ. ಕ್ರೋಮ್ ಬಳಿದ ಅಗ್ಗದ ಗೈಡ್ ಒಂದೇ ಸೀಸನ್ನಿನಲ್ಲಿ ತುಕ್ಕು ಬಿಡ್ತದೆ, ಬ್ರೇಡ್ ದಾರ (ಎಳೆ ಹೆಣೆದದ್ದು) ಅದರ ಉಂಗುರವನ್ನು ಗರಗಸದ ಹಾಗೆ ಕೊರೀತದೆ. ಆಮೇಲೆ ಆ ಗೀರೇ ದಾರವನ್ನು ಕತ್ತರಿಸ್ತದೆ.

ರೀಲಿನಿಂದ 60–70 ಸೆಂ.ಮೀ. ದೂರಕ್ಕೆ ಮೊದಲ ದೊಡ್ಡ ಗೈಡ್, 25ರ ಸೈಜಿನದ್ದು. ಆಮೇಲೆ 16, 10, ಉಳಿದವು 8. ತುದಿಯಿಂದ ಮೊದಲ ಗೈಡಿಗೆ ಸುಮಾರು 10 ಸೆಂ.ಮೀ., ಕೆಳಗೆ ಬಂದ ಹಾಗೆ ಅಂತರ ಸ್ವಲ್ಪ ಸ್ವಲ್ಪ ಹೆಚ್ಚಲಿ. ಇದು ಶುರುವಾತು ಮಾತ್ರ. ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿ ಬೇರೆಯವರ ಬ್ಲ್ಯಾಂಕಿನದ್ದು, ನಿಮ್ಮದು ಎಲ್ಲಿ ಬಾಗ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಸಣ್ಣ ಸಣ್ಣ ಬಳೆಯಾಗಿ ಕತ್ತರಿಸಿ, ಗೈಡಿನ ಕಾಲುಗಳ ಮೇಲೆ ಏರಿಸಿ ತಾತ್ಕಾಲಿಕವಾಗಿ ಕೂರಿಸಿ. ಹಿಡಿಕೆಯನ್ನು ಕಿಟಕಿ ಸರಳಿಗೆ ಓರೆಯಾಗಿ ಬಿಗಿದು, ದಾರವನ್ನು ಎಲ್ಲ ಗೈಡಿನಲ್ಲೂ ತೂರಿಸಿ, ದಾರದ ತುದಿಗೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ. ಒಂದು ಕಿಲೋ ಆಯ್ತು. ಐದಾರು ಹೆಜ್ಜೆ ಹಿಂದೆ ಹೋಗಿ ಪಕ್ಕದಿಂದ ನೋಡಿ. ದಾರ ರಾಡಿನ ಬಾಗನ್ನು ಅನುಸರಿಸಿ ಹೋಗಬೇಕು. ಎಲ್ಲಾದರೂ ಎರಡು ಗೈಡಿನ ನಡುವೆ ಬಿಲ್ಲಿನ ಹೆದೆಯ ಹಾಗೆ ದೂರ ನಿಂತರೆ, ಅಥವಾ ಒಂದು ಗೈಡಿನಲ್ಲಿ ಚೂಪಾಗಿ ಬಾಗಿದರೆ, ಅಲ್ಲಿ ಗೈಡನ್ನು ಸರಿಸಿ. ಅರ್ಧ ಇಂಚು ಸರಿಸಿ, ಮತ್ತೆ ನೋಡಿ. ನಾನು ಇದಕ್ಕೆ ಒಂದು ಸಂಜೆ ಪೂರ್ತಿ ಇಡ್ತೇನೆ. ಭಾರ ಒಂದೇ ಕಡೆ ಬೀಳದೆ ಇಡೀ ಬ್ಲ್ಯಾಂಕಿಗೆ ಹಂಚಿಹೋದರೆ, ಚೋಣಕ ಮೇಲಕ್ಕೆ ಹಾರಿ ತಲೆ ಒದರಿದಾಗ ರಾಡ್ ಅದನ್ನು ತಡೀತದೆ.

ಕಟ್ಟುವ ಮೊದಲು ಗೈಡಿನ ಕಾಲಿನ ತುದಿಯನ್ನು ಸಣ್ಣ ಅರದಿಂದ ಉಜ್ಜಿ, ಚಾಕುವಿನ ಅಂಚಿನಷ್ಟು ತೆಳ್ಳಗೆ ಮಾಡಿ. ಅಡಿಭಾಗವನ್ನು ಉಗುರಿನಿಂದ ಸವರಿ ನೋಡಿ, ಮುಳ್ಳಿನ ಹಾಗೆ ಏನಾದರೂ ತಾಗಿದರೆ ಅದನ್ನೂ ಉಜ್ಜಿ. ಬಿಟ್ಟರೆ ಅದು ಕಾರ್ಬನ್ನಿಗೆ ಚುಚ್ಚಿ, ರಾಡ್ ಸರಿಯಾಗಿ ಅಲ್ಲೇ ಮುರೀತದೆ. ಗೈಡ್ ಕಟ್ಟುವ ದಾರ ನೈಲಾನಿನದ್ದು. ಎಪಾಕ್ಸಿ ಬಿದ್ದ ಮೇಲೆ ಬಣ್ಣ ಗಾಢವಾಗಿ ಪಾರದರ್ಶಕ ಆಗ್ತದೆ, ಗಾಬರಿ ಬೇಡ. ಮೆಷಿನ್ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಯ ಎರಡು ಬದಿ ಕಚ್ಚು ಕೊಯ್ದು ರಾಡ್ ಇಡಿ, ದಾರದ ಉಂಡೆಯನ್ನು ಲೋಟದಲ್ಲಿಟ್ಟು ದಪ್ಪ ನಿಘಂಟಿನ ಹಾಳೆಗಳ ನಡುವಿನಿಂದ ಎಳೆದುಕೊಳ್ಳಿ. ಪುಸ್ತಕದ ಭಾರವೇ ಬಿಗಿ ಕೊಡ್ತದೆ. ರಾಡನ್ನು ತಿರುಗಿಸುತ್ತ ಸುತ್ತಿ, ದಾರವನ್ನು ಕೈಯಿಂದ ಸುತ್ತಬೇಡಿ. ಇನ್ನು ಏಳೆಂಟು ಸುತ್ತು ಇದೆ ಅನ್ನುವಾಗ ಮಡಚಿದ ದಾರದ ಕುಣಿಕೆ ಒಂದನ್ನು ಅಡಿಯಲ್ಲಿ ಇಟ್ಟು, ಅದರ ಮೇಲೆ ಸುತ್ತಿ, ತುದಿಯನ್ನು ಕುಣಿಕೆಗೆ ತೂರಿಸಿ ಎಳೆಯಿರಿ. ಚಮಚದ ಬೆನ್ನಿನಿಂದ ಉಜ್ಜಿದರೆ ಎಳೆಗಳ ನಡುವಿನ ಸಂದು ಮುಚ್ಚಿಹೋಗ್ತದೆ. ಎರಡು ತುಂಡು ಸೇರುವ ಜಾಗದಲ್ಲಿ ಹೊರಗಿನ ಕೊಳವೆಯ ಬಾಯಿಗೂ ಒಂದೆರಡು ಸೆಂ.ಮೀ. ದಾರ ಸುತ್ತಲೇಬೇಕು, ಇಲ್ಲದಿದ್ದರೆ ಎಸೆಯುವಾಗ ಬಾಯಿ ಸೀಳ್ತದೆ. ತುಂಬ ಜನ ಮರೆಯುವುದು ಇದನ್ನೇ. ಟಿಪ್ಪಿಗೆ ಮಾತ್ರ ಬಿಸಿ ಅಂಟು ಹಾಕಿ, ಮುಂದೆ ಬದಲಿಸಲಿಕ್ಕೆ ಬರ್ತದೆ.

ಎಪಾಕ್ಸಿ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳು ದಡಕ್ಕೆ ಬಂದಿರ್ತವೆ, ನಮಗೂ ಕೈಯಲ್ಲಿ ಹೊತ್ತು ಇರ್ತದೆ, ಹಾಗಾಗಿ ರಾಡ್ ಕಟ್ಟುವ ಆಸೆ ಬರುವುದೇ ಮಳೆಗಾಲದಲ್ಲಿ. ಒಂದು ರಾತ್ರಿ ಜಗಲಿಯಲ್ಲಿ ಕೂತು ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗಂಜಿ ತಿಳಿ ಹೊಯ್ದ ಹಾಗೆ ಬೆಳ್ಳಗೆ, ಮುಟ್ಟಿದರೆ ಅಂಟಂಟು, ಮೇಲೆ ದೀಪಕ್ಕೆ ಬಂದ ನಾಲ್ಕು ಹಾತೆ. ಗಾಳಿಯ ತೇವ ಗಟ್ಟಿಕಾರಕದ ಜೊತೆ ಸೇರಿದರೆ ಹೀಗೆ ಆಗ್ತದೆ. ಈಗ ಮಾಡುವುದು ಹೀಗೆ: ರಟ್ಟಿನ ಉದ್ದ ಪೆಟ್ಟಿಗೆಯೊಳಗೆ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು, ರಟ್ಟಿಗೆ ತಾಗದ ಹಾಗೆ. ಅರ್ಧ ಗಂಟೆ ಮೊದಲೇ ಹಾಕಿ ರಾಡನ್ನೂ ಬೆಚ್ಚಗೆ ಮಾಡ್ತೇನೆ, ಪೆಟ್ಟಿಗೆಯ ಬಾಯಿಗೆ ಸೊಳ್ಳೆಪರದೆ. ಬಲ್ಬು ಉರಿಯುವಷ್ಟು ಹೊತ್ತು ಕಣ್ಣಿಟ್ಟಿರ್ತೇನೆ. ಹಾಗೂ ಜಡಿಮಳೆಯ ದಿನ ಹಚ್ಚುವುದಿಲ್ಲ, ಹೊಳವಾದ ದಿನಕ್ಕೆ ಕಾಯ್ತೇನೆ.

ಎಪಾಕ್ಸಿಯ ಎರಡು ಬಾಟಲಿಯಿಂದ ಸಮ ಅಳತೆ, ಎರಡಕ್ಕೂ ಬೇರೆ ಬೇರೆ ಸಿರಿಂಜ್. ರಬ್ಬರ್ ತಲೆಯ ಸಿರಿಂಜಿಗೆ ಸಿಲಿಕೋನ್ ಎಣ್ಣೆ ಹಚ್ಚಿರ್ತಾರೆ, ಅದರಿಂದ ಮೇಲ್ಮೈಯಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳ್ತದೆ, ರಬ್ಬರ್ ಇಲ್ಲದ್ದು ಹುಡುಕಿ. ನಿಧಾನ ನಾಲ್ಕು ನಿಮಿಷ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾಗಿ ಸುರುವಿ, ಗುಳ್ಳೆ ತಾನೇ ಒಡೀತದೆ. ಗೈಡಿನ ಕಾಲಿನ ಎರಡೂ ಪಕ್ಕ ದಾರದ ಅಡಿಯಲ್ಲಿ ಸಣ್ಣ ಸುರಂಗ ಇರ್ತದೆ, ಬ್ರಶ್ಶಿನ ತುದಿಯಿಂದ ಎಪಾಕ್ಸಿಯನ್ನು ಅದರೊಳಗೆ ತುಂಬಿಸಿ. ಅದು ಖಾಲಿ ಉಳಿದರೆ ಉಪ್ಪುನೀರು ಅಲ್ಲೇ ನಿಲ್ತದೆ. ಹಚ್ಚಿದ್ದು ಒಂದೇ ಕಡೆ ಇಳಿಯದ ಹಾಗೆ ರಾಡನ್ನು ತಿರುಗಿಸಲಿಕ್ಕೆ ಮೈಕ್ರೋವೇವಿನ ತಟ್ಟೆ ತಿರುಗುವ ಮೋಟಾರು ಸಾಕು, ನಿಮಿಷಕ್ಕೆ ಐದಾರು ಸುತ್ತು. ಕೆಲವು ಮೋಟಾರು 230 ವೋಲ್ಟಿನದ್ದಲ್ಲ, ಮೇಲೆ ಬರೆದದ್ದನ್ನು ಓದಿ ಕೊಡಿ. ಎರಡು ತೆಳು ಕೋಟು, ಆಮೇಲೆ ಒಂದು ವಾರ ಮುಟ್ಟಬೇಡಿ.

ಕಾರ್ಬನ್ ಉಜ್ಜುವಾಗ ಮಾಸ್ಕ್ ಹಾಕಿ. ಗುಡುಗು ಶುರುವಾದರೆ ದಂಡೆಯಲ್ಲಿ ರಾಡ್ ಎತ್ತಿ ನಿಲ್ಲಬೇಡಿ, ಕಾರ್ಬನ್ನಿನಲ್ಲಿ ಕರೆಂಟು ಹರೀತದೆ.

ಬಾಟಲಿ ಕಟ್ಟಿದ ಮೇಲೆ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಹಿಂದೆ ಬಿಳಿ ಗೋಡೆ ಇರಲಿ. ಯಾವ ಗೈಡ್ ಎಷ್ಟು ಸರಿಸಬೇಕು ಅಂತ ನೋಡಿ ಹೇಳ್ತೇನೆ. ಅಲ್ಲಿಯವರೆಗೆ ದಾರ ಸುತ್ತಬೇಡಿ.